ನುಕುವೊರೊದ ಬೆಟ್ಟ ಕದ್ದವರಾರು?

"ನಮ್ಮ ಇನಾಯಾನ ಕಳ್ಳಿ ಅಂದ್ರು, ಫುಫು," ಎನ್ನುತ್ತ ಮೆಹ್ವಿಶ್ ಬಾಗಿಲು ತಳ್ಳಿಕೊಂಡು ಬಂದಳು. ಅಮೆರಿಕದ ವೆಸ್ಟ್‌ಮಂಟ್‌ನ ಆ ಬಡಾವಣೆಯಲ್ಲಿ ಬೆಕ್ಕು ಕಳೆದರೂ ಬಳೆ ಕಳೆದರೂ ಜನ ಓಡಿಬರುತ್ತಿದ್ದುದು ಅವಳ ಸೋದರತ್ತೆ ಉಮ್ಮೆ ಕುಲ್ಸುಮ್ ಹತ್ತಿರವೇ. ಈ ಸಲ ಕಳೆದದ್ದು ಮಾತ್ರ ಒಂದು ಬೆಟ್ಟ!

ಮೆಹ್ವಿಶ್‌ಳ ಮಗಳು ಇನಾಯಾ ಮತ್ತು ಪಕ್ಕದ ಮನೆಯ ಚೈತ್ರ ಸೇರಿ, ಶಾಲೆಯ ಪ್ರದರ್ಶನಕ್ಕೆಂದು ಪೆಸಿಫಿಕ್ ಸಾಗರದ ಹವಳದ ದ್ವೀಪ ನುಕುವೊರೊದ ಮಾದರಿ ಮಾಡಿದ್ದರು. ದೋಣಿಯಲ್ಲಿ ಬಂದು ನೆಲೆಸಿದವರಿಂದ ಹಿಡಿದು ಸ್ಪೇನ್, ಜರ್ಮನಿ, ಜಪಾನ್, ಅಮೆರಿಕ ಆಳಿದ ಕಥೆಯೆಲ್ಲ ಇಬ್ಬರಿಗೂ ಬಾಯಿಪಾಠ. ನೀಲಿ ತಟ್ಟೆಯ ಮೇಲೆ ಹಿಟ್ಟಿನ ಉಂಗುರ, ನಡುವೆ ಅಡುಗೆಮನೆಯಿಂದ ತಂದ ಬೆಲ್ಲದಚ್ಚಿನ ಜ್ವಾಲಾಮುಖಿ. ಬೆಳಿಗ್ಗೆ ಚೈತ್ರ ಅಮ್ಮ ಅನಸೂಯಳೊಂದಿಗೆ ಸಂಗೀತದ ಕ್ಲಾಸಿಗೆ ಹೋದಾಗ, ಇನಾಯಾ ಚೈತ್ರಳ ಮನೆಗೆ ಹಿಂಬಾಗಿಲಿನಿಂದ ಬಂದು ಕಾಗದದ ತೆಂಗಿನ ಮರ ಅಂಟಿಸಿ ಹೋಗಿದ್ದಳು. ಅವರು ಮರಳಿದಾಗ ಬೆಟ್ಟ ನಾಪತ್ತೆ. ಚೈತ್ರ ಹಿಂದೆಮುಂದೆ ನೋಡದೆ ಗೆಳತಿಯನ್ನು ಕಳ್ಳಿ ಅಂದುಬಿಟ್ಟಿದ್ದಳು.

ಉಮ್ಮೆ ಕುಲ್ಸುಮ್ ಮೆಹ್ವಿಶ್‌ಳೊಂದಿಗೆ ಅಲ್ಲಿಗೆ ಹೋದಾಗ ಹೊರಗೆ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಒಳಗೆ ತಂಪೋ ತಂಪು. ಎಸಿ ಕೆಟ್ಟಿದೆಯೆಂದು ಅನಸೂಯ ಹಿಂದಿನ ದಿನವಷ್ಟೇ ಗೊಣಗಿದ್ದು ಮೆಹ್ವಿಶ್‌ಗೆ ನೆನಪಿತ್ತು. ಈ ಗಲಾಟೆಯಲ್ಲಿ ತಂಪು ಅನಸೂಯಳ ಗಮನಕ್ಕೇ ಬಂದಿರಲಿಲ್ಲ. ಸಿಂಕಿನ ಪಕ್ಕ ತೊಳೆದು ಬೋರಲು ಹಾಕಿದ ಒಂದು ಸ್ಟೀಲ್ ಲೋಟ. ಮನೆಯಲ್ಲಿ ಉಳಿದಿದ್ದವರು ಯಾರೆಂದು ಕೇಳಿದರೆ, ಮೊನ್ನೆಯಷ್ಟೇ ಮುಧೋಳದಿಂದ ಬಂದ ತನ್ನ ಅತ್ತೆ ಗಂಗವ್ವ, ಜೆಟ್‌ಲ್ಯಾಗ್ ಆಗಿ ಹಗಲೆಲ್ಲ ನಿದ್ದೆ, ಪಾಪ ಎಬ್ಬಿಸಿಲ್ಲ ಎಂದಳು ಅನಸೂಯ.

"ಈಗ ಎಬ್ಬಿಸು," ಎಂದಳು ಉಮ್ಮೆ ಕುಲ್ಸುಮ್.

ಎಲ್ಲರೂ ನಡುಮನೆಯಲ್ಲಿ ಸೇರಿದರು. ಇನಾಯಾ ಅಮ್ಮನ ಬೆನ್ನ ಹಿಂದೆ.

"ಮನೆ ತಂಪಾಗಿದೆ ಅಂದ್ರೆ ರಿಪೇರಿಯವನು ಬಂದುಹೋಗಿದ್ದಾನೆ. ಲೋಟ ತೊಳೆದಿದೆ ಅಂದ್ರೆ ಅವನಿಗೆ ಯಾರೋ ನೀರು ಕೊಟ್ಟಿದ್ದಾರೆ. ಬಿಸಿಲಲ್ಲಿ ಬಂದವನಿಗೆ ನಿಮ್ಮೂರಲ್ಲಿ ಬರೀ ನೀರು ಕೊಡ್ತಾರಾ, ಗಂಗವ್ವ?"

"ಬರೇ ನೀರು ಹ್ಯಾಂಗ ಕೊಡೂದವ್ವ? ಬೆಲ್ಲ ತಾಟಿನ್ಯಾಗ ಬಿದ್ದಿತ್ತು. ಒಡದು ಅವಗೊಂದು ಚೂರು ಕೊಟ್ಟೆ. ಇರುವಿ ಹತ್ತೂದು ಬ್ಯಾಡಂತ ಉಳಿದದ್ದು ಡಬ್ಬ್ಯಾಗ ಹಾಕೇನಿ."

ಮೆಹ್ವಿಶ್‌ಗೆ ಹೋದ ಜೀವ ಬಂದಂತಾಯಿತು, ನಗು ತಡೆಯಲಾಗಲಿಲ್ಲ. ಚೈತ್ರ ಮಾತ್ರ ಬೆಟ್ಟವಿಲ್ಲದ ತಟ್ಟೆ ನೋಡುತ್ತ ಬಿಕ್ಕಿದಳು. ಉಮ್ಮೆ ಕುಲ್ಸುಮ್ ಅವಳ ಮುಂದೆ ಅಟ್ಲಾಸ್ ಬಿಡಿಸಿದಳು. ನಿಜವಾದ ನುಕುವೊರೊದ ನಡುವೆ ಬೆಟ್ಟವೇ ಇಲ್ಲ, ಬರೀ ನೀರು! ಜ್ವಾಲಾಮುಖಿ ಎಂದೋ ಮುಳುಗಿಹೋಗಿದೆ, ಅದರ ಸುತ್ತ ಬೆಳೆದ ಹವಳದ ಉಂಗುರವಷ್ಟೇ ಉಳಿದಿದೆ.

"ಸಮುದ್ರಕ್ಕೆ ಲಕ್ಷಾಂತರ ವರ್ಷ ಹಿಡಿದ ಕೆಲಸ ನಿಮ್ಮಜ್ಜಿ ಒಂದು ಬೆಳಿಗ್ಗೆ ಮುಗಿಸಿದ್ದಾರೆ. ಮಾದರಿ ಈಗ ಸರಿಯಾಗಿದೆ, ನಡಿ. ಸರಿಯಾಗದೇ ಇರೋದು ಇನ್ನೊಂದಿದೆ."

ಚೈತ್ರ ಕಣ್ಣೊರೆಸಿಕೊಂಡು, ತಟ್ಟೆ ಹಿಡಿದು ಇನಾಯಾಳ ಮುಂದೆ ನಿಂತಳು. "ಸಾರಿ. ಐ ಡಿಡಂಟ್ ಈವನ್ ಆಸ್ಕ್ ಯೂ."

ಇನಾಯಾಳ ಮುಖ ಇನ್ನೂ ಊದಿಕೊಂಡೇ ಇತ್ತು. ಆದರೂ ಬಂದು ತಟ್ಟೆಯ ಇನ್ನೊಂದು ಬದಿ ಹಿಡಿದಳು.