ಫೋನ್ ಎತ್ತದ ಹನ್ನೆರಡು ಮಂದಿ

ಕೊಪ್ಪದ ಹತ್ತಿರದ ನಾರ್ವೆ ಊರಿನ ಸುಬ್ರಾಯರಿಗೆ ಯಜ್ಞೇಶ ಆ ವರ್ಷ ಸೆಪ್ಟೆಂಬರ್ ಮುಗಿಯುವುದರೊಳಗೆ ನಲವತ್ತೊಂದು ಸಲ ಫೋನ್ ಮಾಡಿದ್ದ. ನಲವತ್ತೊಂದು ಸಲವೂ ಗಂಟೆ ಹೊಡೆದು ಹೊಡೆದು ತಾನಾಗಿಯೇ ನಿಂತಿತ್ತು. ಕಡಹಿನಬೈಲಿನ ತುಂಗಮ್ಮನವರಿಗೆ ಮೂವತ್ತಾರು ಸಲ, ಶೃಂಗೇರಿಯ ನಾಗಪ್ಪನವರಿಗೆ ಇಪ್ಪತ್ತೊಂಬತ್ತು. ಇಷ್ಟು ಸಲ ದೇವರನ್ನು ಕರೆದಿದ್ದರೆ ದೇವರು ಕಿರಿಕಿರಿಗಾದರೂ ಒಮ್ಮೆ ಬಂದು ಹೋಗುತ್ತಿದ್ದ ಎಂದು ಹೆಂಡತಿ ದೇವಕಿ ಹೇಳಿದ್ದಳು. ಯಜ್ಞೇಶನಿಗೆ ಸಿಟ್ಟು ಬಂತು. ಆದರೆ ಆ ಮಾತನ್ನೂ ಅವನು ತನ್ನ ಫಾಲೋಅಪ್ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡ. ಎಲ್ಲವನ್ನೂ ಬರೆದಿಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು.

ಅವನು ಮಾರುತ್ತಿದ್ದುದು ನೀರಿನ ಫಿಲ್ಟರು. ಗುಡ್ಡದ ಒರತೆಗೆ ಪೈಪು ಹಾಕಿ ಅಡುಗೆಮನೆಯ ತನಕ ನೀರು ಹರಿಸಿಕೊಂಡವರಿಗೆ ಫಿಲ್ಟರು ಮಾರಲು ಹೊರಟ ತನ್ನ ಬುದ್ಧಿವಂತಿಕೆಯ ಬಗ್ಗೆ ಅವನಿಗೇ ಆಗಾಗ ಅನುಮಾನ ಬರುತ್ತಿತ್ತು. ಇದಕ್ಕೂ ಮೊದಲು ಅವನು ಕುಕ್ಕರ್ ಮಾರಿದ್ದ, ಸೊಳ್ಳೆ ಬ್ಯಾಟು ಮಾರಿದ್ದ, ಫೋನಿಗೆ ಸಿಕ್ಕಿಸುವ ಡಬ್ಬಿ ಮಾರಿದ್ದ, ಬೆನ್ನುನೋವಿನ ಬೆಲ್ಟು ಮಾರಲು ಹೋಗಿ ತಾನೇ ಕಟ್ಟಿಕೊಂಡು ತಿರುಗಿದ್ದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಅವನು ಕಾಲಿಡದ ಜಗಲಿ ಇರಲಿಲ್ಲ.

ತೊಂದರೆ ಏನೆಂದರೆ, ಈ ಸೀಮೆಯಲ್ಲಿ ಮನೆಗೆ ಬಂದವನ ಮುಖ ನೋಡಿ ಬೇಡ ಎನ್ನುವವರು ಯಾರೂ ಇಲ್ಲ. ಹಾಗೆನ್ನುವುದು ಮರ್ಯಾದೆಯಲ್ಲ. ತುಂಗಮ್ಮ ಕಾಫಿ ಕೊಟ್ಟಿದ್ದರು, ಜೊತೆಗೆ ಎರಡು ಕೋಡುಬಳೆ ಕೊಟ್ಟಿದ್ದರು. ಒಂದು ಗಂಟೆ ಅವನ ಭಾಷಣ ಕೇಳಿ, ಫಿಲ್ಟರಿನ ನೀರನ್ನೂ ಕುಡಿದು, "ಭಾರೀ ಚೆನ್ನಾಗಿದೆ ಮಾರಾಯ. ಮನೇಲಿ ಕೇಳಿ ಹೇಳ್ತೀನಿ, ಒಂದು ಫೋನ್ ಮಾಡು" ಎಂದಿದ್ದರು. ಆ ಮನೆಯಲ್ಲಿ ಅವರನ್ನು ಬಿಟ್ಟು ಕೇಳಬೇಕಾದವರು ಯಾರೂ ಇರಲಿಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ಅವನಿಗೆ ಹೊಳೆದಿತ್ತು. ಆದರೂ ಡೈರಿಯಲ್ಲಿ ಅವರ ಹೆಸರಿನ ಮುಂದೆ 'ಖಚಿತ' ಎಂದು ಬರೆದ. ಹಾಗೆ ಖಚಿತವಾದವರು ಡೈರಿಯಲ್ಲಿ ಇನ್ನೂರ ಹದಿನಾಲ್ಕು ಜನ ಇದ್ದರು. ಫಿಲ್ಟರು ಕೊಂಡವರು ಮೂವರು, ಅದರಲ್ಲಿ ಒಬ್ಬಳು ದೇವಕಿಯ ಅಕ್ಕ.

2005ರ ಅಕ್ಟೋಬರ್ ಮೊದಲ ವಾರ ಮ್ಯಾನೇಜರ್ ರೇಣುಕಪ್ಪ ಅವನನ್ನು ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯ ಆಫೀಸಿಗೆ ಕರೆಸಿದ.

"ತಿಂಗಳು ಮುಗಿಯೋದರೊಳಗೆ ಹನ್ನೆರಡು ಆರ್ಡರು ಬರಬೇಕು ಯಜ್ಞೇಶ್. ಬಂದ್ರೆ ನೀವೇ ಲೀಡರ್. ಶಿವಮೊಗ್ಗದಲ್ಲಿ ಸ್ಟೇಜು, ನೀಲಿ ಕೋಟು, ಎಲ್ಲಾ ಇದೆ. ಬರ್ಲಿಲ್ಲ ಅಂದ್ರೆ ಮೂರೂ ತಾಲ್ಲೂಕು ನಯನಾಗೆ. ನೀವು ಅವರ ಕೈಕೆಳಗೆ."

ಶೃಂಗೇರಿಯ ನಯನಾಗೆ ಬಾಗಿಲು ತಟ್ಟುವುದನ್ನು ಕಲಿಸಿದವನೇ ಯಜ್ಞೇಶ. ಎರಡು ಬೆರಳಿನಿಂದ ಮೂರು ಸಲ ತಟ್ಟಬೇಕು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಗಬೇಕು. ಇನ್ನು ಮೇಲೆ ಅವಳಿಗೇ ದಿನವೂ ವರದಿ ಒಪ್ಪಿಸಬೇಕು. ಅದಕ್ಕಿಂತ ದೊಡ್ಡ ಸಂಗತಿ ಕೋಟು. ಕಂಪನಿಯವರು ಮುಂಚಿತವಾಗಿಯೇ ಅಳತೆ ಕೇಳಿದ್ದರು, ಅವನು ಹೊಟ್ಟೆ ಎಳೆದುಕೊಂಡು ಅಳತೆ ಕೊಟ್ಟಿದ್ದ. ದೇವಕಿ ಆ ಕೋಟಿನ ಸುದ್ದಿಯನ್ನು ಇಡೀ ಕೇರಿಗೆ ಹಂಚಿ ಆಗಿತ್ತು. ಹದಿನಾಲ್ಕು ವರ್ಷದಲ್ಲಿ ಅವಳು ಗಂಡನ ವಿಷಯ ಊರಿಗೆ ಹೇಳಿಕೊಂಡದ್ದು ಅದೊಂದೇ. ಅದು ಇಲ್ಲವಾದರೆ ಅವಳ ಮುಖ ನೋಡುವುದು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅಪರಾಧದ ಯೋಚನೆ ಅವನಿಗೆ ಬಂದದ್ದು ಕೊಪ್ಪದಿಂದ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಸೀಟು ಸಿಗದೆ ನಿಂತಿದ್ದಾಗ. ಯಾರಾದರೂ ಆರ್ಡರು ಕೊಟ್ಟರೆ ಬೆಂಗಳೂರಿನ ಆಫೀಸಿನಿಂದ ಒಬ್ಬ ಹುಡುಗಿ ಗ್ರಾಹಕರಿಗೆ ಫೋನ್ ಮಾಡಿ ನಿಜವೇ ಎಂದು ಕೇಳುತ್ತಾಳೆ. ಮೂರು ಸಲ ಮಾಡಿದರೂ ಎತ್ತದಿದ್ದರೆ 'ಗ್ರಾಹಕರು ಸಿಗಲಿಲ್ಲ' ಎಂದು ಬರೆದು ಫಾರಂ ಪಾಸು ಮಾಡುತ್ತಾಳೆ, ಯಾಕೆಂದರೆ ಅವರಿಗೂ ಆರ್ಡರಿನ ಸಂಖ್ಯೆ ಬೇಕು. ಇದನ್ನು ರೇಣುಕಪ್ಪನೇ ಹಿಂದೊಮ್ಮೆ ಟೀ ಕುಡಿಯುತ್ತಾ ಬಾಯಿಬಿಟ್ಟಿದ್ದ. ಫೋನ್ ಎತ್ತದ ಗ್ರಾಹಕರು! ಮೂರು ತಾಲ್ಲೂಕಿನಲ್ಲಿ ಆ ಮಾಲು ತನ್ನಷ್ಟು ಯಾರ ಹತ್ತಿರ ಇದೆ? ಇಷ್ಟು ವರ್ಷ ತನ್ನನ್ನು ಸತಾಯಿಸಿದವರೇ ಈಗ ತನ್ನನ್ನು ಸ್ಟೇಜು ಹತ್ತಿಸುತ್ತಾರೆ ಎಂಬುದು ಹೊಳೆದಾಗ ಅವನು ನಿಂತಲ್ಲೇ ನಕ್ಕ. ಮುಂದಿನ ಸೀಟಿನ ಹೆಂಗಸು ಸೆರಗು ಸರಿಮಾಡಿಕೊಂಡು ಗಂಡನ ಕಡೆ ಜರುಗಿದಳು.

ಯಾರಿಗೂ ನಷ್ಟವಿಲ್ಲದ ಅಪರಾಧ ಅದು. ಆರ್ಡರು ಕೊಟ್ಟ ಹದಿನೈದು ದಿನದೊಳಗೆ ಗ್ರಾಹಕರು ಮನಸ್ಸು ಬದಲಾಯಿಸಬಹುದು ಎಂದು ಫಾರಂನಲ್ಲೇ ಅಚ್ಚಾಗಿತ್ತು. ಸ್ಟೇಜು ಮುಗಿದು ಕೋಟು ಮನೆಗೆ ಬಂದ ಮಾರನೆಯ ದಿನ ಹನ್ನೆರಡೂ ಜನ ಮನಸ್ಸು ಬದಲಾಯಿಸುತ್ತಾರೆ. ಹೇಗಿದ್ದರೂ ಅವರು ಮನಸ್ಸು ಬದಲಾಯಿಸುವವರೇ ತಾನೆ.

ಉಳಿದದ್ದು ಸಹಿಯ ಪ್ರಶ್ನೆ. ಅದಕ್ಕೂ ಅವನಲ್ಲಿ ಉತ್ತರವಿತ್ತು. ಎರಡು ವರ್ಷದ ಹಿಂದೆ, ಅವನ ಬದುಕಿನ ಒಂದೇ ಒಂದು ಒಳ್ಳೆಯ ಹಂಗಾಮಿನಲ್ಲಿ, ನಲವತ್ತು ಮನೆಗೆ ಮಾಲು ಮಾರಿದ್ದ. ಅದರ ರಸೀದಿ ಪುಸ್ತಕ ಅಟ್ಟದ ಮೇಲಿತ್ತು. ಪ್ರತಿ ಹಾಳೆಯಲ್ಲೂ ಗ್ರಾಹಕರ ಹೆಸರು, ಫೋನ್ ನಂಬರು, ಕೆಳಗೆ ಅಚ್ಚುಕಟ್ಟಾದ ಸಹಿ. ಆಗ ಮಾರಿದ್ದು ಏನು ಎಂಬುದು ಈಗ ಮುಖ್ಯವಾಗಿರಲಿಲ್ಲ, ಸಹಿ ಮುಖ್ಯವಾಗಿತ್ತು. ಜೇಡ ಒರೆಸಿ, ಹಾಳೆಯ ಮೇಲರ್ಧವನ್ನು ಹಿಂದಕ್ಕೆ ಮಡಚಿ, ಅವನು ಸಹಿಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿದ. ಸುಬ್ರಾಯರದ್ದು ಹಾವು ಹರಿದ ಹಾಗೆ. ನಾಗಪ್ಪನವರದ್ದು ಕೊನೆಯಲ್ಲಿ ಎರಡು ಚುಕ್ಕಿ. ತುಂಗಮ್ಮ ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ, ಒಂದಕ್ಕೊಂದು ಮುಟ್ಟದಂತೆ ಬರೆಯುತ್ತಿದ್ದರು.

ಆ ನಲವತ್ತರಲ್ಲಿ ಹನ್ನೆರಡು ಜನರನ್ನು ಆರಿಸುವುದಕ್ಕೆ ಅವನು ಎರಡು ವಾರ ತೆಗೆದುಕೊಂಡ. ಅವಸರದವನು ಸಿಕ್ಕಿಬೀಳುತ್ತಾನೆ ಎಂಬುದು ಅವನ ಮತ. ಮನೆಯ ಫೋನಿನ ಮುಂದೆ ಸ್ಟೂಲು ಹಾಕಿಕೊಂಡು ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ, ಸಂಜೆ ದೀಪ ಹಚ್ಚುವಾಗ ಒಂದು ಸಲ ಪ್ರತಿಯೊಬ್ಬರಿಗೂ ಫೋನ್ ಮಾಡಿದ. ಎತ್ತಿದರೆ ಹೆಸರಿನ ಮುಂದೆ ಅಡ್ಡಗೀಟು, ಎತ್ತದಿದ್ದರೆ ನಕ್ಷತ್ರ. ಜೀವಮಾನದಲ್ಲಿ ಮೊದಲ ಬಾರಿಗೆ, ಯಾರೂ ಎತ್ತದಿರಲಿ ಎಂದು ದೇವರಿಗೆ ಕೈಮುಗಿದು ರಿಸೀವರ್ ಹಿಡಿದಿದ್ದ. ಗಂಟೆ ಒಂದೇ ಸಮನೆ ಹೊಡೆಯುತ್ತಿದ್ದರೆ ಹಿತವಾಗುತ್ತಿತ್ತು. ಒಂದು ಮಧ್ಯಾಹ್ನ ಬಾಳೆಹೊನ್ನೂರು ರಸ್ತೆಯ ಗಣಪಯ್ಯ ಎಂಬವರು ಫೋನ್ ಎತ್ತಿ "ಹಲೋ" ಎಂದಾಗ ಅವನಿಗೆ ಎಷ್ಟು ಬೇಸರವಾಯಿತು ಎಂದರೆ ಫಿಲ್ಟರಿನ ಮಾತೇ ಎತ್ತದೆ ರಾಂಗ್ ನಂಬರ್ ಎಂದು ಇಟ್ಟುಬಿಟ್ಟ.

"ಎಂತಕ್ಕೆ ಇಷ್ಟು ಖುಷಿ? ಯಾರಾದ್ರೂ ಎತ್ತಿದ್ರಾ?" ದೇವಕಿ ಅಡುಗೆಮನೆಯಿಂದ ಕೇಳಿದಳು.

"ಒಬ್ಬರೂ ಎತ್ಲಿಲ್ಲ ಮಾರಾಯ್ತಿ," ಎಂದ ಯಜ್ಞೇಶ, ಹೆಮ್ಮೆಯಿಂದ.

ಕೊನೆಗೆ ನಲವತ್ತೆರಡಕ್ಕೆ ನಲವತ್ತೆರಡೂ ನಕ್ಷತ್ರ ಗಳಿಸಿದ ಹನ್ನೆರಡು ಮಂದಿ ಉಳಿದರು. ಅವನು ಫಾರಂಗಳನ್ನು ತುಂಬಿದ. ನಾಲ್ಕು ಬಗೆಯ ಪೆನ್ನು ಬಳಸಿದ. ಒಂದು ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಒಂದು ದಿನ ತಿರುಗಾಡಿದ, ಇನ್ನೊಂದರ ಮೂಲೆಗೆ ಕಾಫಿ ಲೋಟದ ಗುರುತು ಒತ್ತಿದ. ದಿನಾಂಕಗಳನ್ನೂ ಮರೆಯಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆಯುವ ತನಕ ಈ ಕಡೆಯ ಯಾವ ಮನೆಯವರೂ ಹೊಸ ವಸ್ತುವಿಗೆ ಸಹಿ ಹಾಕುವುದಿಲ್ಲ ಎಂಬುದು ಬೇರೆ ಕಳ್ಳನಿಗೆ ಹೊಳೆಯುತ್ತಿತ್ತೇ? ಅವನು ಎಲ್ಲ ದಿನಾಂಕವನ್ನೂ ಅದರ ಈಚೆಗೆ ಹಾಕಿದ. ನಾಗಪ್ಪನವರು ತೀರಿಹೋಗಿರಬಹುದೇ ಎಂಬ ಸಂಶಯ ಬಂದು ಶೃಂಗೇರಿಗೆ ಬಸ್ಸು ಹತ್ತಿಯೂ ಹೋದ. ಅವರು ಅಂಗಡಿಯ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಇವನನ್ನು ಕಂಡ ಕೂಡಲೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಜೀವಂತ ಇದ್ದಾರೆ ಎಂದು ಯಜ್ಞೇಶ ಸಮಾಧಾನದಿಂದ ವಾಪಸು ಬಂದ.

ಫಾರಂಗಳನ್ನು ಒಪ್ಪಿಸಿದ ದಿನ ರೇಣುಕಪ್ಪ ಎದ್ದು ನಿಂತು ಕೈಕುಲುಕಿದ. ಮೂಲೆಯ ಬೆಂಚಿನಲ್ಲಿದ್ದ ನಯನ, "ಹೇಗೆ ಮಾಡಿದ್ರಿ ಸರ್?" ಎಂದು ನಿಜವಾದ ಬೆರಗಿನಿಂದ ಕೇಳಿದಳು.

"ಫಾಲೋಅಪ್. ಜನ ಉತ್ತರ ಕೊಡದಿದ್ರೂ ಬಿಡಬಾರದು ನಯನ. ಅವರ ಮೌನವನ್ನ ಅರ್ಥ ಮಾಡ್ಕೋಬೇಕು," ಎಂದ ಯಜ್ಞೇಶ. ಅವಳು ಅದನ್ನು ತನ್ನ ಡೈರಿಯಲ್ಲಿ ಬರೆದುಕೊಂಡಳು.

ಮೂರನೆಯ ದಿನ ಆಫೀಸಿನಿಂದ ಕರೆ ಬಂತು. ಕೋಟು ಬಂದಿರಬೇಕೆಂದು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ರೇಣುಕಪ್ಪ ಈ ಸಲ ಏಳಲಿಲ್ಲ. ಮೇಜಿನ ಮೇಲೆ ಹನ್ನೆರಡು ಫಾರಂ ಸಾಲಾಗಿ ಹರಡಿದ್ದವು.

"ಬೆಂಗಳೂರಿಂದ ಫೋನ್ ಮಾಡಿದ್ರು. ಹನ್ನೆರಡೂ ಜನ ಮಾತಾಡಿದಾರೆ. ಒಬ್ಬರೂ ಆರ್ಡರು ಕೊಟ್ಟಿಲ್ಲವಂತೆ."

ಯಜ್ಞೇಶನ ಬಾಯಿಂದ ಹೊರಟದ್ದು ತಪ್ಪೊಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. "ಎತ್ತಿದ್ರಾ?" ಎಂದ.

"ಮೊದಲನೇ ರಿಂಗಿಗೇ."

"ಸುಬ್ರಾಯರೂ ಎತ್ತಿದ್ರಾ ಸರ್?"

"ಎಲ್ಲರೂನೂ. ಆ ಕಡಹಿನಬೈಲಿನ ಅಮ್ಮ ಏನಂದ್ರು ಗೊತ್ತಾ? 'ಫಿಲ್ಟರ್ ಬೇಕಾಗಿತ್ತು ಮಾರಾಯ್ತಿ, ಆದ್ರೆ ಆ ಯಜ್ಞೇಶನ ಹತ್ರ ಬೇಡ. ಒಂದು ಸಲ ಒಳಗೆ ಬಿಟ್ರೆ ಹೊರಗೆ ಹೋಗೂದಿಲ್ಲ ಅಂವ. ಬೇರೆ ಯಾರಾದ್ರೂ ಇದ್ರೆ ಕಳ್ಸಿ' ಅಂತ. ಹನ್ನೆರಡರಲ್ಲಿ ಏಳು ಜನ ಅದನ್ನೇ ಹೇಳಿದಾರೆ. ನಯನ ಬೆಳಿಗ್ಗೆನೇ ಹೋಗಿದಾರೆ. ನಿಮ್ಮ ಡೈರಿ ಇಲ್ಲಿಟ್ಟು ಹೋಗಿ." ರೇಣುಕಪ್ಪ ಬೇಸರದಿಂದಲೇ ಸೇರಿಸಿದ, "ನಾಳೆಯಿಂದ ಬರೋದು ಬೇಡ."

ಮನೆಗೆ ಬಂದಾಗ ದೇವಕಿ ಬಾಗಿಲಲ್ಲೇ ನಿಂತಿದ್ದಳು, ಕೋಟು ಎಲ್ಲಿ ಎಂದು ಅವನ ಕೈಯ ಕಡೆ ನೋಡಿದಳು. ಅವನು ನೇರವಾಗಿ ಅಟ್ಟ ಹತ್ತಿ ಕೂತ. ಸಿಕ್ಕಿಬಿದ್ದ ನಾಚಿಕೆಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದುದು ಒಂದೇ ಪ್ರಶ್ನೆ. ತನಗೆ ಎರಡು ವಾರ ಮೂರು ಹೊತ್ತೂ ಎತ್ತದವರು ಬೆಂಗಳೂರಿನ ಹುಡುಗಿಗೆ ಮೊದಲ ಗಂಟೆಗೇ ಎತ್ತಿದ್ದು ಹೇಗೆ? ರಸೀದಿ ಪುಸ್ತಕ ಇನ್ನೂ ಅಲ್ಲೇ ಬಿದ್ದಿತ್ತು, ಹಾಳೆಗಳ ಮೇಲರ್ಧ ಅವನು ಮಡಚಿದ ಹಾಗೆಯೇ ಇತ್ತು. ತುಂಗಮ್ಮನ ಹಾಳೆಯ ಮಡಿಕೆ ಬಿಡಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ಮಾಲಿನ ಹೆಸರು ಅಚ್ಚಾಗಿತ್ತು: ಕಾಲರ್ ಐಡಿ ಡಬ್ಬಿ, ಒಂದು. ಎರಡು ವರ್ಷದ ಹಿಂದೆ ಆ ಜಗಲಿಯಲ್ಲೇ ಕೂತು ಅವನು ಡಬ್ಬಿಯನ್ನು ಅವರ ಫೋನಿಗೆ ಸಿಕ್ಕಿಸಿದ್ದ, ಅದು ಕೆಲಸ ಮಾಡುತ್ತದೆಯೋ ಎಂದು ತೋರಿಸಲು ದೇವಕಿಯಿಂದ ಮನೆಯ ನಂಬರಿನಲ್ಲೇ ಫೋನ್ ಮಾಡಿಸಿದ್ದ, ಕೆಂಪಾಗಿ ಹೊಳೆದ ಆ ಅಂಕಿಗಳ ಮೇಲೆ ಬೆರಳಿಟ್ಟು ಹೇಳಿದ್ದ, "ನೋಡಿ ಅಮ್ಮ, ಇದು ನಮ್ಮನೆ ನಂಬರು. ಹೀಗೆ ಬೇಡದವರ ನಂಬರು ಕಂಡ್ರೆ ಎತ್ತಬೇಡಿ, ಅಷ್ಟೇ."