ಚಾವಡಿಯ ಬಲ್ಬು ಮಂಕಾದಾಗ

ಕಟಪಾಡಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ಚಾವಡಿಯ ಎಲ್‌ಇಡಿ ಬಲ್ಬು ಮಂಕಾಗುತ್ತಿತ್ತು. ಪಕ್ಕದ ಮನೆಯ ಹರಿಣಾಕ್ಷಿ ನಮ್ಮ ಲೈನಿನಿಂದ ಕರೆಂಟು ಕದಿಯುತ್ತಿದ್ದಾಳೆಂದು ನನಗೆ ಗುಮಾನಿ. ಅವಳೊಡನೆ ಮಾತೂ ಬಿಟ್ಟಿದ್ದೆ. ಕೊನೆಗೆ ಎಲೆಕ್ಟ್ರಿಷಿಯನ್ ಸ್ಯಾಮ್ಸನ್‌ನನ್ನು ಕರೆಸಿದೆ.

“ಲೀನಕ್ಕ, ದೊಡ್ಡ ಮೋಟಾರು ಓಡುವಾಗ ಹೀಗೆ ಆಗ್ತದೆ. ಬಾವಿಗೆ ಪಂಪ್ ಉಂಟಾ?”

“ಎಲ್ಲಿಯ ಪಂಪ್ ಮಾರಾಯ! ಅದನ್ನು ಗುಜರಿಗೆ ಹಾಕಿ ವರ್ಷ ಆಯ್ತು. ಪೈಪನ್ನೂ ಕಡಿಸಿದ್ದೇವೆ.”

ಅಷ್ಟರಲ್ಲಿ ಬಲ್ಬು ಮಂಕಾಯಿತು. ಸ್ಯಾಮ್ಸನ್ ತಕ್ಷಣ ಮೇನ್ ಸ್ವಿಚ್ ಇಳಿಸಿದ. ಮನೆಯೆಲ್ಲ ಕತ್ತಲಾಯಿತು. ಆದರೂ ತಾರಸಿಯ ಟ್ಯಾಂಕಿಗೆ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು. ಬಾವಿಯಿಂದ ಟ್ಯಾಂಕಿಗೆ ಹೋಗುತ್ತಿದ್ದ ಗೋಡೆಯ ಹಳೆ ಪೈಪನ್ನು ಮುಟ್ಟಿದೆ. ತಣ್ಣಗಿತ್ತು, ಸಣ್ಣಗೆ ನಡುಗುತ್ತಿತ್ತು.

ಇಬ್ಬರೂ ಟಾರ್ಚ್ ಹಿಡಿದು ಬಾವಿಕಟ್ಟೆಗೆ ಹೋದೆವು. ಕಡಿದ ಪೈಪಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬಾವಿಯ ನೀರು ಮಾತ್ರ ನಮ್ಮ ಕಣ್ಣೆದುರೇ ಇಳಿಯುತ್ತಿತ್ತು.