ಇಬ್ಬರೂ ಕೂಡಿ

"ಉಂಗುರ ಹಾಕ್ಕೊಂಡೀರಿ. ಲಗ್ನ ಆಗೇತೇನ್ರಿ?"

ಟೊಮೆಟೊ ಗಿಡಗಳ ನಡುವೆ ಬಗ್ಗಿದ್ದ ಶಿವಲೀಲಾ ತಲೆ ಎತ್ತಿದಳು. ನೆಟ್‌ಹೌಸಿನ ಬಾಗಿಲಲ್ಲಿ ಖಾಲಿ ಕ್ರೇಟು ಹೊತ್ತು ನಿಂತಿದ್ದವನು ಹೊಸ ಟೆಂಪೊ ಡ್ರೈವರ್ ಮಾಂತೇಶ. ಅವಳ ಬೆರಳಲ್ಲಿದ್ದದ್ದು ಹೂವಿನ ಪರಾಗ ತುಂಬಿಕೊಳ್ಳುವ ಪ್ಲಾಸ್ಟಿಕ್ ಉಂಗುರ. ಒಂದೊಂದೇ ಹೂವನ್ನು ಅದಕ್ಕೆ ಮುಟ್ಟಿಸಿದರೆ ಹೈಬ್ರಿಡ್ ಬೀಜ ಕಟ್ಟುತ್ತದೆ.

"ಇದು ಮಾಲಕರದ್ದು," ಎಂದಳು.

"ಮತ್ತ ನಿಮ್ದೇನೈತಿ ಇಲ್ಲಿ? ಪಗಾರ ಕೊಡ್ತಾರ?"

ಶಿವಲೀಲಾಳ ಮುಖ ಕಲ್ಲಾಯಿತು. ಇವನು ಮಾಲೀಕ ಕೊಟ್ರಬಸಪ್ಪನ ಬೇಹುಗಾರನೇ ಇರಬೇಕು. ಹೊರಗಿನವರ ಹತ್ತಿರ ಬಾಯಿ ಬಿಟ್ಟ ಆಳಿಗೆ ಹೋದ ವರ್ಷ ಬಿದ್ದ ಏಟುಗಳನ್ನು ಅವಳು ಕಣ್ಣಾರೆ ಕಂಡಿದ್ದಳು.

"ನಿಮ್ಮ ಕೆಲಸ ನೀವು ನೋಡ್ಕೋರಿ."

ಅವನು ನೋಡಿಕೊಂಡ. ಆದರೆ ಕುಷ್ಟಗಿಯಿಂದ ಬಂದಾಗಲೆಲ್ಲ ಟೆಂಪೊದ ಕನ್ನಡಿಯನ್ನು ಎರಡು ಸಲ ಒರೆಸುತ್ತಿದ್ದ, ಮೂರನೇ ಸಲ ತಿರುಗಿಸುತ್ತಿದ್ದ. ಆ ಕನ್ನಡಿಯಲ್ಲಿ ತಾನು ಕಾಣುತ್ತೇನೆಂದು ಶಿವಲೀಲಾಳಿಗೆ ತಿಳಿಯಲು ಒಂದು ತಿಂಗಳು ಬೇಕಾಯಿತು. ತಿಳಿದ ಮೇಲೂ ಅವಳು ತಾನು ನಿಲ್ಲುವ ಗಿಡಗಳ ಸಾಲು ಬದಲಿಸಲಿಲ್ಲ.

"ಕನ್ನಡಿ ಸವದು ಹೋದೀತು," ಎಂದಳು ಒಂದು ದಿನ.

"ಸವೀಲಿ ಬಿಡ್ರಿ. ಕಣ್ಣು ಸವದಿಲ್ಲಲ್ಲ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ, ಇವನು ಬೇಹುಗಾರನಲ್ಲ ಎನಿಸಿ, ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪನ ಔಷಧಿಗೆಂದು ಮಾಲೀಕನಿಂದ ಮುಂಗಡ ತಂದದ್ದು, ಅಪ್ಪ ಉಳಿಯದೇ ಹೋದದ್ದು, ಆ ಸಾಲಕ್ಕೆ ಆರು ವರ್ಷದಿಂದ ಪಗಾರವಿಲ್ಲದೆ ತಾನೂ ಅವ್ವ ಭೀಮಕ್ಕನೂ ಇಲ್ಲೇ ಶೆಡ್ಡಿನಲ್ಲಿ ಬಿದ್ದಿರುವುದು, ಆಧಾರ್ ಕಾರ್ಡುಗಳು ಮಾಲೀಕನ ಕಪಾಟಿನಲ್ಲಿರುವುದು. ದವಾಖಾನೆಗೆ ಹೋಗಬೇಕಾದರೂ ಒಬ್ಬರೇ ಹೋಗಬೇಕು, ಇನ್ನೊಬ್ಬರು ಇಲ್ಲಿರಬೇಕು.

"ನನ್ನ ಗಾಡ್ಯಾಗ ಕುಂದರ್ರಿ. ಈಗ ಹೋಗೋಣ."

"ಅವ್ವನ್ನ ಯಾರ ಕೈಗೆ ಬಿಟ್ಟು?"

ಮಾಂತೇಶ ಟೆಂಪೊ ಹತ್ತಿ ಹೊರಟುಹೋದ. ಆಮೇಲೆ ಎರಡು ವಾರ ಅವನ ಸುಳಿವೇ ಇಲ್ಲ. ಅವನಿಗಾಗಿ ತಲೆ ಬಾಚಿಕೊಂಡ ದಿನಗಳನ್ನು ನೆನೆದು ಶಿವಲೀಲಾ ತನ್ನನ್ನೇ ಬೈದುಕೊಂಡಳು.

ಅವನು ಬಂದಾಗ ಮುಖ ಇಳಿದುಹೋಗಿತ್ತು. "ಕೊಪ್ಪಳಕ್ಕ ಅಡ್ಡಾಡಿ ಎಸಿ ಸಾಹೇಬ್ರ ಆಫೀಸಿನ್ಯಾಗ, ನಿಮ್ಮನ್ನ ಜೀತದಿಂದ ಬಿಡಸ್ರಿ ಅಂತ ಅರ್ಜಿ ಕೊಟ್ಟೀನ್ರಿ. ನಾಳೆ ಮುಂಜಾನೆ ಬರ್ತಾರ. ಆದ್ರ ನೀವು ಬಾಯಿ ಬಿಟ್ಟು ಹೇಳಬೇಕು. ನಾ ಹೇಳಿದ್ರ ನಡಿಯೂದಿಲ್ಲ."

ಮರುದಿನ ಜೀಪು ಬಂತು. ಮಾಲೀಕ ಅಧಿಕಾರಿ ಮೇಡಂಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. "ಮನಿ ಮಕ್ಕಳಿದ್ದಂಗ ಅದಾರ್ರಿ ಇವರು. ಬೇಕಾರ ಕೇಳ್ರಿ."

ಭೀಮಕ್ಕ ಸೆರಗು ಹಿಂಡುತ್ತ ನಿಂತಿದ್ದಳು. "ಹೌದ್ರೀಯವ್ವಾ. ಛಲೋ ನೋಡ್ಕೊಂತಾರ."

ಶಿವಲೀಲಾ ತಿರುಗಿ ನೋಡಿದಳು. ಗೇಟಿನ ಆಚೆ ಮಾಂತೇಶ ನಿಂತಿದ್ದ. ಅವಳತ್ತ ನೋಡಿ ಒಂದು ಸನ್ನೆಯನ್ನೂ ಮಾಡಲಿಲ್ಲ, ನೆಲ ನೋಡುತ್ತಿದ್ದ. ಹೇಳುವುದೂ ಬಿಡುವುದೂ ಅವಳಿಗೇ ಸೇರಿದ್ದು ಎನ್ನುವಂತೆ.

"ಮಾಲಕ್ರ," ಎಂದಳು, "ನಾನೂ ಅವ್ವನೂ ಕೂಡಿ ರಸ್ತೆ ತನಕ ಹೋಗಿ ಬರ್ತೀವ್ರಿ."

"ಇಬ್ಬರೂ ಯಾಕ? ಒಬ್ಬಾಕಿ ಹೋಗ್ಲಿ, ಒಬ್ಬಾಕಿ ಇಲ್ಲಿರ್ಲಿ!"

ಆರು ವರ್ಷದ ರೂಢಿ, ಮಾತು ತಾನಾಗಿ ಹೊರಬಿದ್ದಿತ್ತು. ಮೇಡಂ ಚಹಾದ ಕಪ್ಪು ಕೆಳಗಿಟ್ಟು ಪೆನ್ನು ತೆಗೆದರು. "ಈಗ ಹೇಳವ್ವ."

ಶಿವಲೀಲಾ ಹೇಳಿದಳು. ಕೊನೆಯವರೆಗೂ ನಿಂತೇ ಹೇಳಿದಳು.

ಮೂರನೇ ದಿನ ಬಿಡುಗಡೆಯ ಕಾಗದ ಕೈಗೆ ಬಂತು. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ, ಅವ್ವನ ತವರೂರಿಗೆ ಹೋಗುವ ಬಸ್ಸನ್ನು ಶಿವಲೀಲಾ ಹತ್ತಿದಳು. ಭೀಮಕ್ಕ ಹತ್ತಲಿಲ್ಲ. "ನೀ ಹೋಗಿ ಬಾರವ್ವಾ, ನಾ ಇಲ್ಲೇ ಇರ್ತೀನಿ," ಎಂದು ಕೆಳಗೇ ನಿಂತುಬಿಟ್ಟಳು. ಮಗಳು ಇಳಿದು ಬಂದು ಕೈ ಹಿಡಿದು ಹತ್ತಿಸಬೇಕಾಯಿತು.

ಕಿಟಕಿಯ ಹತ್ತಿರ ಬಂದ ಮಾಂತೇಶ ತಡವರಿಸಿದ. "ನನ್ನ ಲಗ್ನ ಆಗ್ತೀರೇನ್ರಿ?"

ಎಷ್ಟು ದಿನ ಬಯಸಿದ್ದ ಮಾತು! ಆದರೂ ಅವಳು ತಲೆ ಅಲ್ಲಾಡಿಸಿದಳು. "ಈಗ ಹೂಂ ಅಂದ್ರ ನೀವು ಬಿಡಿಸಿದ್ದಕ್ಕ ಅಂದಂಗ ಆಗ್ತೈತ್ರಿ. ಇನ್ನೊಬ್ಬರ ಋಣದಾಗ ನಾ ಇರಂಗಿಲ್ಲ, ನಿಮ್ಮ ಋಣದಾಗೂ. ಹದಿನೈದು ದಿನ ಬಿಟ್ಟು ಬರ್ರಿ."

ಅವನ ಕಣ್ಣು ತುಂಬಿತು. ಬಸ್ಸು ಹೊರಟಿತು. ಹೇಳಿದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಅವಳು ತನ್ನನ್ನೇ ಕೇಳಿಕೊಂಡಳು.

ಊರಲ್ಲಿ ಅವಳು ಕೂಲಿಗೆ ಹೋದಳು, ಬೇಡವೆನಿಸಿದ ದಿನ ಹೋಗಲಿಲ್ಲ. ಆ ದಿನ ಸುಮ್ಮನೆ ಕಟ್ಟೆಯ ಮೇಲೆ ಕುಳಿತು ದಾರಿ ನೋಡಿದಳು. ಯಾರೂ ಕರೆಯಲಿಲ್ಲ, ಯಾರೂ ಗದರಲಿಲ್ಲ. ಆದರೂ ಅವನ ನೆನಪು ಹೋಗಲಿಲ್ಲ. ಹಾಗಾದರೆ ಇದು ಋಣವಲ್ಲ ಎಂದುಕೊಂಡಳು.

ಒಂಬತ್ತನೇ ದಿನ ಬಾಗಿಲಲ್ಲಿ ಮಾಂತೇಶ.

"ಹದಿನೈದು ದಿನ ಅಂದಿದ್ನಲ್ರಿ?"

"ಎಣಸೂದು ತಪ್ಪಿತ್ರಿ."

ಅವಳು ತುಟಿ ಕಚ್ಚಿ ನಗು ತಡೆದಳು. ಒಳಗಿನಿಂದ ಭೀಮಕ್ಕನ ಗಾಬರಿಯ ದನಿ ಕೇಳಿತು: "ಯಾರವ್ವಾ ಅದು? ಮಾಲಕ್ರು ಕರಿಯಾಕ ಬಂದಾರೇನು?"

ಶಿವಲೀಲಾ ಅವನ ಮುಖ ನೋಡುತ್ತಲೇ ಅವ್ವನಿಗೆ ಕೇಳುವಂತೆ ಹೇಳಿದಳು.

"ಅಂಜಬ್ಯಾಡಬೇ ಎವ್ವಾ. ನನ್ನ ಲಗ್ನ ಆಗಾಂವ ಬಂದಾನ."